ಎರಡು ತೇಪೆ, ಮೂವತ್ತೊಂದು ಒಗೆತ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕದ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷಗಳಿಂದ ಹರಿದ ಹಾಸುಬಟ್ಟೆಗಳನ್ನು ಹೊಲಿಯುತ್ತಿದ್ದ ಹೆಂಗಸಿಗೆ ಅಲ್ಲಿಯವರು ಇಟ್ಟಿದ್ದ ಹೆಸರು ಚೆಕ್‌ಪೋಸ್ಟಮ್ಮ. ಅವಳ ಮುಂದೆ ಯಾವುದೂ ತಪಾಸಣೆಯಿಲ್ಲದೆ ದಾಟುವಂತಿರಲಿಲ್ಲ. ಕ್ಯಾಂಟೀನಿನವನು ಚಹಾ ತಂದರೆ ಮೊದಲು ಲೋಟ ಮೂಸುವಳು, ಆಮೇಲೆ ಅವನ ಮುಖ ನೋಡುವಳು, ಆಮೇಲೆ ಕುಡಿಯುವಳು. ಹೊಸ ದಾರದ ಉಂಡೆ ಬಂದರೆ ಒಂದೆಳೆ ಕಿತ್ತು, ಕಡ್ಡಿ ಗೀರಿ ಸುಡುವಳು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಪುಡಿ ಬೂದಿ. ಪ್ಲಾಸ್ಟಿಕ್ಕಾದರೆ ಕರಗಿ ಗುಂಡಗೆ ಮಣಿಯಾಗುತ್ತದೆ. ಉಣ್ಣೆಯೋ ರೇಷ್ಮೆಯೋ ಆದರೆ ಕೂದಲು ಸುಟ್ಟ ಕಮಟು. ಉಂಡೆಯ ಮೇಲೆ ‘ನೂರಕ್ಕೆ ನೂರು ಹತ್ತಿ’ ಎಂದು ಚೀಟಿ ಅಂಟಿಸಿದ್ದರಂತೂ ಅವಳ ಅನುಮಾನಕ್ಕೆ ಇನ್ನೊಂದು ಕೋಡು.

“ಅಸಲಿ ಹತ್ತಿ ಆಗಿದ್ರೆ ಇಷ್ಟು ಕೂಗ್ಕೊಳ್ಳೋ ಅಗತ್ಯ ಏನಿತ್ತು?” ಎನ್ನುವಳು. “ಜನ ಸುಳ್ಳು ಹೇಳ್ತಾರೆ, ಚೀಟಿ ಸುಳ್ಳು ಹೇಳುತ್ತೆ. ಬಟ್ಟೆ ಒಂದೇ ಸುಳ್ಳು ಹೇಳಲ್ಲ.”

ಈ ಮಾತನ್ನು ಅವಳು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದಳು. ಕೇಳಿ ಕೇಳಿ ಬೇಸತ್ತವನು ಯಂತ್ರಗಳನ್ನು ನೋಡಿಕೊಳ್ಳುವ ಬಾಯ್ಲರಣ್ಣ. ಒಳ್ಳೆಯ ಮನುಷ್ಯ, ಸ್ವಲ್ಪ ಕಿವಿ ಮಂದ. ಮೂವತ್ತು ವರ್ಷ ಆ ಯಂತ್ರಗಳ ಗಡಗಡದಲ್ಲಿ ಕಳೆದವನಿಗೆ ಅಷ್ಟೂ ಆಗದಿದ್ದರೆ ಹೇಗೆ? ಅವಳ ಮಾತಿನ ಅರ್ಧ ಅವನಿಗೆ ಕೇಳಿಸುತ್ತಿರಲಿಲ್ಲ. ಅದರಿಂದಲೇ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು ಎಂದು ನನ್ನ ಲೆಕ್ಕ.

ಇಂಥ ಚೆಕ್‌ಪೋಸ್ಟಮ್ಮನಿಗೆ ಐವತ್ತಮೂರನೆಯ ವಯಸ್ಸಿನಲ್ಲಿ ತನ್ನ ಮೈಯ ಮೇಲೇ ಅನುಮಾನ ಬಂತು. ಬೆಳಿಗ್ಗೆ ಎದ್ದಾಗ ಸರಿಯಾಗಿರುತ್ತಿತ್ತು. ಮಧ್ಯಾಹ್ನ ಎರಡು ಗಂಟೆ ದಾಟಿದರೆ ಕೆಳಗೆ ಏನೋ ಇಳಿದುಬಂದ ಹಾಗೆ, ಮೊಟ್ಟೆಯ ಮೇಲೆ ಕೂತ ಹಾಗೆ ಅನಿಸುವುದು. ಕೆಮ್ಮಿದರೆ ಒದ್ದೆ. ಬಟ್ಟೆಯ ಗಂಟು ಎತ್ತಿದರೆ ಸೊಂಟದಿಂದ ಕೆಳಕ್ಕೆ ಜಗ್ಗುವುದು. ಆರು ತಿಂಗಳು ಯಾರಿಗೂ ಹೇಳದೆ, ಮಡಿಸಿದ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿದಳು. ಊರಿನ ಹರುಕನ್ನೆಲ್ಲ ಎತ್ತಿ ಹಿಡಿದು ಬೆಳಕಿಗೆ ನೋಡುವವಳು ತನ್ನ ಹರುಕನ್ನು ಮಾತ್ರ ಮುಚ್ಚಿಟ್ಟಳು. ಕೊನೆಗೆ ಒಂದು ದಿನ ಹೊಲಿಗೆ ಯಂತ್ರದಿಂದ ಏಳಲಾಗದೆ, ಅದೇ ಕಟ್ಟಡದ ಮೂರನೆಯ ಮಹಡಿಗೆ, ಹೆಂಗಸರ ವಿಭಾಗದ ಡಾಕ್ಟರಮ್ಮನ ಹತ್ತಿರ ಹೋದಳು.

ಡಾಕ್ಟರಮ್ಮ ಪರೀಕ್ಷೆ ಮಾಡಿ ಕೈ ತೊಳೆದು ಬಂದು ಹೇಳಿದರು. “ಗರ್ಭಕೋಶ ಜಾರಿದೆ. ಜೊತೆಗೆ ಮೂತ್ರಕೋಶನೂ ಇಳಿದಿದೆ. ಮೇಲೆ ಹಿಡಿದುಕೊಳ್ಳೋ ಕಟ್ಟು ಸಡಿಲ ಆಗಿದೆ. ಭಾರ ಎತ್ತೋ ಕೆಲಸ ಏನಾದ್ರೂ ಮಾಡ್ತಿದ್ರಾ?”

ಮಾಡಿದ್ದಳು. ಯಾವಾಗ, ಯಾರನ್ನು ಎತ್ತಿದ್ದೆನೆಂದು ಅವಳಿಗೆ ದಿನಾಂಕ ಸಮೇತ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ತಾಯಿ ಹಾಸಿಗೆ ಹಿಡಿದಾಗ ಎಂಟು ತಿಂಗಳು ದಿನಕ್ಕೆ ಐದಾರು ಸಲ ಆ ಮುದುಕಿಯನ್ನು ಎತ್ತಿ, ತಿರುಗಿಸಿ, ಕೂರಿಸಿ, ಮಲಗಿಸಿದವಳು ಇವಳೊಬ್ಬಳೇ. ಅಕ್ಕ ಒಬ್ಬಳಿದ್ದಳು. ಬರುತ್ತಿದ್ದಳು ಕೂಡ. ನಡುವೆ ತೂತಿದ್ದ ರಬ್ಬರಿನ ದಿಂಬೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಕುರ್ಚಿಯ ಮೇಲೆ ಅದನ್ನು ಹಾಕಿ, ಒಂದು ಪಕ್ಕಕ್ಕೆ ವಾಲಿಕೊಂಡು ಕೂರುತ್ತಿದ್ದಳು. ಎತ್ತು ಅಂದರೆ, “ಆಗಲ್ಲ ಕಣೇ, ಒಳಗೆ ತಂತಿ ಚುಚ್ಚಿದಂಗಾಗುತ್ತೆ” ಎನ್ನುತ್ತಿದ್ದಳು. ಅಕ್ಕನಿಗೂ ಅದಕ್ಕೆ ಏಳೆಂಟು ವರ್ಷ ಮೊದಲು, ಬೇರೆ ಊರಿನಲ್ಲಿ, ಇಂಥದೇ ಏನೋ ಆಪರೇಷನ್ ಆಗಿತ್ತು. ಆಮೇಲೆ ನಾಲ್ಕು ಡಾಕ್ಟರು ನೋಡಿದ್ದರು, ಸ್ಕ್ಯಾನ್ ಮಾಡಿದ್ದರು, ಏನೂ ಇಲ್ಲ ಎಂದು ಬರೆದುಕೊಟ್ಟಿದ್ದರು. ಏನೂ ಇಲ್ಲದ ಕಡೆ ತಂತಿ ಎಲ್ಲಿಂದ ಬರುತ್ತದೆ? ನಾಟಕ ಎಂದು ಚೆಕ್‌ಪೋಸ್ಟಮ್ಮ ತೀರ್ಮಾನ ಮಾಡಿದ್ದಳು. ತಾಯಿ ತೀರಿಕೊಂಡ ದಿನ, ನೆಂಟರೆಲ್ಲ ಸೇರಿದ್ದ ಕಡೆ, ಅವಳ ಬಾಯಿಂದ ಆ ಮಾತು ಹೊರಬಿತ್ತು. “ನಿನ್ನ ನೋವು ಕೆಲಸ ಕಂಡಾಗ ಮಾತ್ರ ಬರುತ್ತೆ ಅಕ್ಕ.”

ಅಕ್ಕ ರಬ್ಬರಿನ ದಿಂಬನ್ನು ಎತ್ತಿಕೊಂಡು ಎದ್ದು ಹೋದವಳು ಆಮೇಲೆ ಮಾತಾಡಿರಲಿಲ್ಲ. ನಾಲ್ಕು ವರ್ಷ. ಈಗ ಡಾಕ್ಟರಮ್ಮ ಕಾರಣ ಹೇಳಿದ ಮೇಲೆ ಚೆಕ್‌ಪೋಸ್ಟಮ್ಮನ ಸಿಟ್ಟಿಗೆ ಹೊಸ ಎಣ್ಣೆ ಬಿತ್ತು. ಅವಳು ಕೂತಿದ್ದಕ್ಕೆ ನಾನು ಎತ್ತಿದೆ, ನಾನು ಎತ್ತಿದ್ದಕ್ಕೆ ನನ್ನದು ಜಾರಿತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಡಾಕ್ಟರಮ್ಮ ಚಿತ್ರ ಬರೆದು ವಿವರಿಸತೊಡಗಿದರು. ಜಾರಿದ್ದನ್ನು ಮೇಲೆತ್ತಿ ಕಟ್ಟಲು ಮೆಶ್ ಹಾಕಬಹುದು, ಅಂದರೆ ಸಣ್ಣ ಜಾಲರಿಯಂಥ ತೇಪೆ. ಅದರಲ್ಲಿ ಎರಡು ಜಾತಿ. ಒಂದು ಪ್ಲಾಸ್ಟಿಕ್ ನೂಲಿನದು. ಗಟ್ಟಿ, ಆಯುಷ್ಯವಿಡೀ ಒಳಗೇ ಇರುತ್ತದೆ, ಮತ್ತೆ ಜಾರುವ ಸಾಧ್ಯತೆ ಕಡಿಮೆ. ಆದರೆ ಕೆಲವರಿಗೆ ಅದು ಮಾಂಸವನ್ನು ಕೊರೆದು ಹೊರಬರಬಹುದು, ನೋವು ಉಳಿಯಬಹುದು. ಇನ್ನೊಂದು ಪ್ರಾಣಿಯ ಚರ್ಮದಿಂದ ಮಾಡಿದ್ದು. ಅದರ ಜೀವಕಣಗಳನ್ನೆಲ್ಲ ತೊಳೆದು ತೆಗೆದು ಬರೀ ಹಂದರ ಉಳಿಸಿರುತ್ತಾರೆ. ಮೆತ್ತಗಿರುತ್ತದೆ, ನಿಧಾನಕ್ಕೆ ಮೈಯಲ್ಲೇ ಸೇರಿಕೊಳ್ಳುತ್ತದೆ, ಆದರೆ ಬಿಗಿ ಅಷ್ಟು ನಿಲ್ಲದೆ ಮತ್ತೆ ಜಾರಬಹುದು.

ಇದಾದ ಮೇಲೆ ಡಾಕ್ಟರಮ್ಮ “ಮೂರನೇದು ಇನ್ನೊಂದಿದೆ...” ಎಂದು ಶುರುಮಾಡಿದ್ದರು. ಆದರೆ ಅಷ್ಟು ಹೊತ್ತಿಗೆ ಚೆಕ್‌ಪೋಸ್ಟಮ್ಮನ ಕಣ್ಣು ಅವರ ಕೈಯಲ್ಲಿದ್ದ ಪೆನ್ನಿನ ಮೇಲೆ ಬಿದ್ದಿತ್ತು. ನೀಲಿ ಪೆನ್ನು, ಅದರ ಮೇಲೆ ಯಾವುದೋ ಕಂಪನಿಯ ಗುರುತು. ಆ ಗುರುತನ್ನು ಅವಳು ನೋಡಿದ್ದಳು. ಪ್ರತಿ ಮಂಗಳವಾರ ಚಕ್ರದ ಪೆಟ್ಟಿಗೆ ಎಳೆದುಕೊಂಡು, ಮುಂಬಾಗಿಲು ಬಿಟ್ಟು ನೆಲಮಾಳಿಗೆಯ ಹಿಂಬಾಗಿಲಿನಿಂದ ಒಬ್ಬ ಮಾರಾಟದವನು ಬರುತ್ತಿದ್ದ. ಅವನು ಹೋದ ಮೇಲೂ ಅರ್ಧ ಗಂಟೆ ಓಣಿಯಲ್ಲಿ ಸೆಂಟಿನ ವಾಸನೆ. ಅವನ ಪೆಟ್ಟಿಗೆಯ ಮೇಲೂ ಅದೇ ಗುರುತು. ಆಹಾ, ಹೀಗೋ ವಿಷಯ, ತೇಪೆ ಮಾರಿಸಿದ್ದಕ್ಕೆ ಡಾಕ್ಟರಮ್ಮನಿಗೂ ಪಾಲು, ಎಂದುಕೊಂಡಳು. ಆಮೇಲೆ ಡಾಕ್ಟರಮ್ಮ ಹೇಳಿದ್ದೊಂದೂ ಅವಳ ಕಿವಿಗೆ ಹೋಗಲಿಲ್ಲ. ಅನುಮಾನಕ್ಕೆ ಕಣ್ಣು ನಾಲ್ಕು, ಕಿವಿ ಮಾತ್ರ ಇಲ್ಲ.

ಡಾಕ್ಟರಮ್ಮ ಕೊನೆಗೆ, “ಇಪ್ಪತ್ತು ದಿನ ಬಿಟ್ಟು ಆಪರೇಷನ್ ಇಟ್ಕೊಳ್ಳೋಣ. ಯೋಚನೆ ಮಾಡಿ, ಯಾವುದು ಬೇಕು ಅಂತ ಹೇಳಿ, ಈ ಫಾರಮ್ಮಿಗೆ ಸಹಿ ಹಾಕಿ ತನ್ನಿ” ಎಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಹೊಲಿಗೆ ತಪ್ಪಾದ್ರೆ ನಾನು ಬಿಚ್ತೀನಿ. ಇದನ್ನ ಬಿಚ್ಚೋಕಾಗುತ್ತಾ?”

ಡಾಕ್ಟರಮ್ಮ ತಡವರಿಸದೆ ಹೇಳಿದರು. “ಪ್ಲಾಸ್ಟಿಕ್ಕಿಂದು ಕಷ್ಟ. ಅದರ ಕಣ್ಣುಗಳ ಒಳಗೆ ಮಾಂಸ ಬೆಳೆದುಬಿಡುತ್ತೆ. ಪೂರ್ತಿ ತೆಗೆಯೋಕೆ ಆಗದೇನೂ ಹೋಗಬಹುದು.”

ಬಿಚ್ಚಲಾಗದ ಹೊಲಿಗೆ ಹಾಕಿಸಿಕೊಳ್ಳುವುದು ಹೇಗೆ? ಹಾಕಿಸಿಕೊಳ್ಳದೆ ಇನ್ನೆಷ್ಟು ದಿನ ಮೊಟ್ಟೆಯ ಮೇಲೆ ಕೂತು ಯಂತ್ರ ತುಳಿಯುವುದು? ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಹೆದರಿಕೆಯಾದಾಗ ಅವಳು ಮಾಡುವುದನ್ನೇ ಮಾಡಿದಳು. “ಎರಡೂ ಜಾತಿದು ಒಂದೊಂದು ತುಂಡು ಕೊಡ್ತೀರಾ? ನೋಡ್ಬೇಕು” ಎಂದಳು. ಡಾಕ್ಟರಮ್ಮನಿಗೆ ನಗು ಬಂತು. ಮೇಜಿನ ಖಾನೆಯಿಂದ, ವಾಯಿದೆ ಮುಗಿದಿದ್ದ ಎರಡು ಮಾದರಿ ತುಂಡುಗಳನ್ನು ತೆಗೆದು ಕೊಟ್ಟರು. ಕೇಳಿದ ಕೂಡಲೇ ಕೊಟ್ಟದ್ದೂ ಅನುಮಾನಕ್ಕೆ ಕಾರಣವೇ ಆಯಿತೆಂದು ಬೇರೆ ಹೇಳಬೇಕಿಲ್ಲ.

ಮನೆಯಲ್ಲಿ ಗಂಡನ ಮುಂದೆ ಎರಡನ್ನೂ ಹರಡಿದಳು. ಅವನು ಬಸ್ ಡಿಪೋದಲ್ಲಿ ಟೈರು, ಟ್ಯೂಬು ರಿಪೇರಿ ಮಾಡುವವನು. ಮನೆಗೆ ಮನೆಯೇ ತೇಪೆಯ ಮೇಲೆ ನಿಂತಿತ್ತು. ಒಂದು ತುಂಡು ಬಿಳಿ ಜಾಲರಿ, ಸೊಳ್ಳೆಪರದೆಗಿಂತ ಒರಟು. ಇನ್ನೊಂದು ಒಣಗಿದ ಹಾಲಿನ ಕೆನೆಯ ಬಣ್ಣದ್ದು, ಒಂದು ಅಂಗೈ ಅಗಲ. ಗಂಡ ಎರಡನ್ನೂ ಬೆರಳಲ್ಲಿ ಉಜ್ಜಿ ನೋಡಿದ.

“ತೇಪೆ ನಿಲ್ಲೋದು ತೇಪೆಯಿಂದಲ್ಲ, ಅಂಟಿಸೋ ಜಾಗದಿಂದ” ಎಂದ. “ಟ್ಯೂಬು ಜೀರ್ಣ ಆಗಿದ್ರೆ ಬಂಗಾರದ ತೇಪೆ ಹಾಕು, ಅದರ ಪಕ್ಕದಲ್ಲೇ ಬಿಟ್ಕೊಳುತ್ತೆ.”

“ಅಂದ್ರೆ ನನ್ನದು ಜೀರ್ಣ ಅಂತಾನಾ?”

“ನಾನೆಲ್ಲಿ ಹೇಳ್ದೆ? ಟ್ಯೂಬಿನ ಮಾತು ಆಡಿದೆ ಮಾರಾಯ್ತಿ.” ಮೆಲ್ಲಗೆ ಸೇರಿಸಿದ. “ನಿಮ್ಮಕ್ಕನಿಗೂ ಇಂಥದೇ ಹಾಕಿದ್ರು ಅಲ್ವಾ? ಒಂದು ಮಾತು ಕೇಳಬಹುದಿತ್ತು.”

“ಅವಳನ್ನ ಕೇಳಿದ್ರೆ ನೋವಿನ ಕಥೆ ಹೇಳ್ತಾಳೆ, ಸತ್ಯ ಹೇಳ್ತಾಳಾ?” ಎಂದು ತುಂಡುಗಳನ್ನು ಮಡಚಿ ಇಟ್ಟಳು. ಆಪರೇಷನ್ ಬೇಗ ಮಾಡಿಸಿಕೋ ಎಂದು ಗಂಡ ಒತ್ತಾಯಿಸಿದ್ದಕ್ಕೂ ಅವಳು ಒಂದು ಕಾರಣ ಹುಡುಕಿಟ್ಟುಕೊಂಡಿದ್ದಳು. ಅವಳು ಗುಣವಾಗುವವರೆಗೆ ಅಡುಗೆಮನೆ ಅವನ ಪಾಲಿಗೆ ಬರುವುದಿತ್ತು.

ಮರುದಿನ ಬೆಳಿಗ್ಗೆ ಕೆಲಸದ ಕೋಣೆಯ ಕಿಟಕಿಯ ಬಳಿ ನಿಂತು ಸುಡುವ ಪರೀಕ್ಷೆ ನಡೆಸಿದಳು. ಜಾಲರಿಯ ಎಳೆ ಕರಗಿ ಮಣಿಯಾಯಿತು, ಮೇಣದಬತ್ತಿಯ ವಾಸನೆ. ಕೆನೆ ಬಣ್ಣದ ತುಂಡಿನ ಮೂಲೆ ಮುರುಟಿ ಕೂದಲು ಸುಟ್ಟ ವಾಸನೆ ಬಂತು. ಸರಿ, ಇಲ್ಲಿಯವರೆಗೆ ಡಾಕ್ಟರಮ್ಮ ಸುಳ್ಳು ಹೇಳಿಲ್ಲ ಎಂದು ಒಪ್ಪಿದಳು. ಆದರೆ ಬಟ್ಟೆಯ ಜಾತಿ ತಿಳಿದರೆ ಸಾಲದು, ಅದರ ಬಾಳಿಕೆ ತಿಳಿಯಬೇಕು. ಅದಕ್ಕೆ ಅವಳಿಗೆ ಗೊತ್ತಿದ್ದ ಪರೀಕ್ಷೆ ಒಂದೇ, ಒಗೆತ.

ವಿಲೇವಾರಿಗೆ ಇಟ್ಟಿದ್ದ ಹಳೆಯ ರಾಶಿಯಿಂದ ಒಂದು ಹಾಸುಬಟ್ಟೆ ಹುಡುಕಿದಳು. ನೂರಾರು ರೋಗಿಗಳು ಮಲಗಿ ನಡುವೆ ತೆಳುವಾಗಿತ್ತು. ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣುತ್ತಿತ್ತು. “ನನ್ನ ವಯಸ್ಸಿಂದೇ” ಎಂದುಕೊಂಡಳು. ಅದರಲ್ಲಿ ಒಂದೇ ಅಳತೆಯ ಎರಡು ತೂತು ಕತ್ತರಿಸಿ, ಒಂದಕ್ಕೆ ಪ್ಲಾಸ್ಟಿಕ್ ಜಾಲರಿ, ಇನ್ನೊಂದಕ್ಕೆ ಚರ್ಮದ ತುಂಡು ಇಟ್ಟು, ತನಗೆ ಬರುವ ಅತ್ಯುತ್ತಮ ಹೊಲಿಗೆ ಹಾಕಿದಳು. ಮೂಲೆಯಲ್ಲಿ ಕೆಂಪು ದಾರದ ಗುರುತಿಟ್ಟಳು. ಆಮೇಲೆ ಬಾಯ್ಲರಣ್ಣನ ಕಿವಿಯ ಹತ್ತಿರ ಹೋಗಿ ಕೂಗಿದಳು.

“ದಿನಕ್ಕೆ ಎರಡು ಸಲ ಇದನ್ನ ಒಗೀಬೇಕು. ಬಿಸಿನೀರಲ್ಲಿ. ಬಿಡೋ ಹಾಗಿಲ್ಲ.”

“ಯಾಕೆ?”

“ಒಂದನ್ನ ನನ್ನೊಳಗೆ ಹಾಕ್ತಾರಂತೆ. ಯಾವುದು ಅಂತ ನಾನು ಹೇಳ್ಬೇಕಂತೆ.”

ಬಾಯ್ಲರಣ್ಣ ಬೆರಗಾದ. “ನಿನ್ನ ಕೇಳ್ತಾರಾ? ಕೋಳಿನ ಕೇಳಿ ಮಸಾಲೆ ಅರೀತಾರಾ ಯಾರಾದ್ರೂ?”

“ಅದಕ್ಕೇ ಅನುಮಾನ” ಎಂದಳು.

ಆಸ್ಪತ್ರೆಯ ಬಟ್ಟೆ ಕೈ ಇಡಲಾಗದಷ್ಟು ಬಿಸಿಯಲ್ಲಿ ಒಗೆಯುತ್ತಾರೆ. ಮೊದಲ ಒಗೆತಕ್ಕೇ ಚರ್ಮದ ತುಂಡು ಮುದುಡಿ ಅಂಟಂಟಾಯಿತು. ಮೂರನೆಯದಕ್ಕೆ ಮಾಯ. ತೂತು ಮತ್ತೆ ತೂತಾಗಿ, ಸುತ್ತ ಅವಳ ಹೊಲಿಗೆ ಮಾತ್ರ ಉಳಿಯಿತು. ಚೆಕ್‌ಪೋಸ್ಟಮ್ಮನ ಬೆರಳು ತೂತಿನಲ್ಲಿ ಸಲೀಸಾಗಿ ಆಚೆ ಹೋಯಿತು. ಸೇರಿಕೊಳ್ಳುತ್ತದೆ ಅಂದಿದ್ದರಲ್ಲ! ಸೇರಿಕೊಳ್ಳುವುದು ಬೇರೆ, ಮಾಯವಾಗುವುದು ಬೇರೆ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಮಂಗಳವಾರ ಸೆಂಟಿನವನು ಪೆಟ್ಟಿಗೆ ಎಳೆದುಕೊಂಡು ಬಂದಾಗ ಬಾಗಿಲಲ್ಲಿ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಪಾಪ, “ನಮಸ್ಕಾರ ಮೇಡಂ” ಎಂದ. ಅವಳು ನಮಸ್ಕಾರವನ್ನೂ ತಪಾಸಣೆ ಮಾಡಿ, ವಾಪಸು ಕೊಡಲಿಲ್ಲ.

ಉಳಿದದ್ದು ಪ್ಲಾಸ್ಟಿಕ್ಕು. ಅದು ಐದು ಒಗೆತಕ್ಕೂ ಜಗ್ಗಲಿಲ್ಲ, ಹತ್ತಕ್ಕೂ ಜಗ್ಗಲಿಲ್ಲ. ಇಪ್ಪತ್ತು ದಾಟಿದ ಮೇಲೂ ಅಂಗಡಿಯಿಂದ ತಂದ ಹಾಗೇ ಹೊಳೆಯುತ್ತಿತ್ತು. ಅವಳಿಗೆ ಸಮಾಧಾನವಾಗತೊಡಗಿತು. ಫಾರಮ್ಮಿನಲ್ಲಿ ‘ಪ್ಲಾಸ್ಟಿಕ್’ ಎಂಬ ಕಡೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಕೂಡ ಹಾಕಿದಳು. ಪೆನ್ಸಿಲಿನಲ್ಲಿ ಯಾಕೆಂದರೆ, ಅಳಿಸಬಹುದು.

ಮೂವತ್ತೊಂದನೆಯ ಒಗೆತ ಹದಿನಾರನೆಯ ದಿನದ ಬೆಳಿಗ್ಗೆ. ಬಾಯ್ಲರಣ್ಣ ಯಂತ್ರದ ಬಾಯಿಗೆ ಕೈ ಹಾಕಿ ಒದ್ದೆ ಬಟ್ಟೆಗಳನ್ನು ಎಳೆದ. ಎಳೆದವನು ಸರಕ್ಕನೆ ಕೈ ಹಿಂದಕ್ಕೆ ತೆಗೆದ. ಮಣಿಕಟ್ಟಿನ ಮೇಲೆ ಉದ್ದಕ್ಕೆ ಕೆಂಪು ಗೀರು.

“ಥೂ, ಏನಿಟ್ಟಿದ್ದೀಯಮ್ಮ ಇದರಲ್ಲಿ? ಒಳಗೆ ತಂತಿ ಚುಚ್ಚಿದಂಗಾಯ್ತು!”

ಚೆಕ್‌ಪೋಸ್ಟಮ್ಮ ಹಾಸುಬಟ್ಟೆ ಬಿಡಿಸಿ ಮೇಜಿನ ಮೇಲೆ ಹರಡಿದಳು. ಜಾಲರಿ ಗಟ್ಟಿಯಾಗಿಯೇ ಇತ್ತು. ಅವಳ ಹೊಲಿಗೆಯೂ ಬಿಟ್ಟಿರಲಿಲ್ಲ. ಹರಿದದ್ದು ಬಟ್ಟೆ. ಹೊಲಿಗೆಯ ಹೊರಗೆ ಒಂದು ಬೆರಳಿನ ದೂರದಲ್ಲಿ ಬಟ್ಟೆ ಅರ್ಧಚಂದ್ರದ ಆಕಾರಕ್ಕೆ ಬಿಟ್ಟುಕೊಂಡಿತ್ತು. ಜಾಲರಿ ಒಂದು ಕಡೆ ಮುದುರಿ ಗಂಟಾಗಿ, ಅದರ ಕತ್ತರಿಸಿದ ಅಂಚು ಆ ಹರುಕಿನಿಂದ ಹೊರಕ್ಕೆ ಇಣುಕುತ್ತಿತ್ತು. ಬೆರಳಿಟ್ಟಳು. ಚುಚ್ಚಿತು. ತೇಪೆಗೆ ಏನೂ ಆಗಿರಲಿಲ್ಲ. ತೇಪೆಯನ್ನು ಹೊತ್ತುಕೊಂಡ ಬಟ್ಟೆಗೆ ಆಗಿತ್ತು.

ತಂತಿ ಚುಚ್ಚಿದಂಗಾಯ್ತು. ಬಾಯ್ಲರಣ್ಣನಿಗೆ ಅಕ್ಕ ಯಾರೆಂದೇ ಗೊತ್ತಿಲ್ಲ. ಅವನಿಗೆ ನಾಟಕ ಮಾಡಬೇಕಾದ ಅಗತ್ಯವಿಲ್ಲ. ಕೆಲಸ ತಪ್ಪಿಸಿಕೊಳ್ಳುವ ಜಾತಿಯವನೂ ಅಲ್ಲ. ಅವನ ಬಾಯಲ್ಲಿ ಅಕ್ಕನ ಮಾತು, ಅಕ್ಷರ ಬಿಡದೆ ಅದೇ ಮಾತು. ಚೆಕ್‌ಪೋಸ್ಟಮ್ಮನ ಬೆರಳು ಇನ್ನೂ ಆ ಅಂಚಿನ ಮೇಲೇ ಇತ್ತು. ನಾಲ್ಕು ವರ್ಷದ ಹಿಂದಿನ ಆ ದಿನ ನೆಂಟರ ಮುಂದೆ ಅಕ್ಕನ ಮುಖ ಹೇಗಿತ್ತೆಂದು ಅವಳು ಇಷ್ಟು ದಿನ ನೆನಪು ಮಾಡಿಕೊಂಡಿರಲಿಲ್ಲ. ಈಗ ಬೇಡವೆಂದರೂ ಕಣ್ಣ ಮುಂದೆ ಬಂತು. ಒದ್ದೆ ಹಾಸುಬಟ್ಟೆಯ ಮೇಲೆ ತಲೆಯಿಟ್ಟು ಅತ್ತಳು. ಬಾಯ್ಲರಣ್ಣ ತನ್ನ ಗೀರಿಗಾಗಿ ಅಳುತ್ತಿದ್ದಾಳೆಂದುಕೊಂಡು, “ಇಷ್ಟಕ್ಕೆಲ್ಲ ಅಳ್ತಾರೇನಮ್ಮ, ಸ್ವಲ್ಪ ಮುಲಾಮು ಹಚ್ಚಿದ್ರೆ ಹೋಗುತ್ತೆ” ಎಂದು ಸಮಾಧಾನ ಮಾಡಿದ.

ಅದೇ ಹಾಸುಬಟ್ಟೆಯನ್ನು ಹಿಂಡಿ, ಕಂಕುಳಲ್ಲಿಟ್ಟುಕೊಂಡು ಮೂರನೆಯ ಮಹಡಿಗೆ ಹೋದಳು. ಡಾಕ್ಟರಮ್ಮ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದನ್ನ ನಾನು ಒಪ್ಪೋಕಾಗಲ್ಲಮ್ಮ. ಬಟ್ಟೆ ಸತ್ತಿರೋದು, ಮೈ ಬದುಕಿರೋದು. ಹರಿದ ಬಟ್ಟೆ ತಾನಾಗಿ ಬೆಳೆಯುತ್ತಾ? ಮೈ ಬೆಳೆಯುತ್ತೆ. ನಿಮ್ಮ ಮೈಯೊಳಗೆ ಕುದಿಯೋ ನೀರೂ ಇಲ್ಲ. ಚರ್ಮನ ಕುದಿಸಿದ್ರೆ ಗೋಂದಾಗದೆ ಏನಾಗುತ್ತೆ? ಒಳಗೆ ಅದು ತಿಂಗಳುಗಟ್ಟಲೆ ಇದ್ದು, ಆ ಹಂದರದ ಮೇಲೆ ನಿಮ್ಮ ಮಾಂಸ ಬೆಳೆಯೋಕೆ ಜಾಗ ಕೊಟ್ಟು ಹೋಗುತ್ತೆ. ಚೆನ್ನಾಗಿ ಬೆಳೆದ್ರೆ ನಿಲ್ಲುತ್ತೆ, ಬೆಳೀಲಿಲ್ಲ ಅಂದ್ರೆ ಮತ್ತೆ ಜಾರುತ್ತೆ.”

“ಮತ್ತೆ ಇದು?” ಎಂದು ಅರ್ಧಚಂದ್ರದ ಹರುಕಿನ ಮೇಲೆ ಬೆರಳಿಟ್ಟಳು.

ಡಾಕ್ಟರಮ್ಮ ಕನ್ನಡಕ ಮತ್ತೆ ಹಾಕಿಕೊಂಡರು. “ಇದು ಮಾತ್ರ ಆಗುತ್ತೆ. ಎಲ್ಲರಿಗೂ ಅಲ್ಲ. ಹಾಕಿಸ್ಕೊಂಡು ಆರಾಮಾಗಿರೋರು ಬೇಕಾದಷ್ಟಿದ್ದಾರೆ. ಆದ್ರೆ ಆಗೋರಿಗೆ ಆಗುತ್ತೆ.”

“ಹನ್ನೆರಡು ವರ್ಷದ ಹಿಂದೆ ಹಾಕಿದ್ದು. ಹೊಟ್ಟೆ ಕೊಯ್ಯದೆ ಕೆಳಗಿನ ದಾರಿಯಿಂದಲೇ ಹಾಕಿದ್ರಂತೆ. ಸ್ಕ್ಯಾನಲ್ಲಿ ಏನೂ ಕಾಣಲ್ಲ. ಕೂತ್ಕೊಳ್ಳೋಕಾಗಲ್ಲ. ತಂತಿ ಚುಚ್ಚಿದಂಗೆ.” ಹಾಸುಬಟ್ಟೆಯನ್ನು ತನ್ನತ್ತ ಎಳೆದುಕೊಂಡಳು. “ನಾಟಕ ಇರಬಹುದಾ?”

“ಯಾರಿಗೆ?”

“ನಮ್ಮಕ್ಕನಿಗೆ.”

“ಆ ದಾರಿಯಿಂದ ಹಾಕಿಸ್ಕೊಂಡವರಲ್ಲೇ ಈ ತೊಂದರೆ ಹೆಚ್ಚು. ಈಗ ಹಾಗೆ ಹಾಕೋದನ್ನ ಎಷ್ಟೋ ಕಡೆ ನಿಲ್ಲಿಸಿದ್ದಾರೆ. ಸ್ಕ್ಯಾನಲ್ಲಿ ಕಾಣದೆ ಇರಬಹುದು, ಕೈಯಲ್ಲಿ ಮುಟ್ಟಿ ಹುಡುಕಬೇಕು. ಹನ್ನೆರಡು ವರ್ಷ ಯಾರೂ ಮುಟ್ಟಿ ನೋಡಿಲ್ವಾ? ಕರ್ಕೊಂಡು ಬನ್ನಿ.” ಆಮೇಲೆ ಫಾರಮ್ಮಿನ ಪೆನ್ಸಿಲ್ ಗುರುತು ನೋಡಿ ಕೇಳಿದರು. “ಅದಿರಲಿ, ಮೂರನೇದನ್ನ ಯಾಕೆ ಯೋಚನೆ ಮಾಡಲಿಲ್ಲ ನೀವು? ಅವತ್ತೇ ಹೇಳಿದ್ದೆನಲ್ಲ. ತೇಪೆ ಯಾವುದೂ ಇಲ್ಲದೆ, ನಿಮ್ಮದೇ ಒಳಗಿನ ಕಟ್ಟನ್ನ ಎಳೆದು ನಿಮ್ಮದಕ್ಕೇ ಹೊಲಿಯೋದು. ಅದೂ ಸಡಿಲ ಆಗಬಹುದು. ಪ್ಲಾಸ್ಟಿಕ್ಕಿನಷ್ಟು ಗಟ್ಟಿ ಅಂತ ನಾನು ಹೇಳಲ್ಲ.”

ಚೆಕ್‌ಪೋಸ್ಟಮ್ಮ ನಾಚಿ ನೆಲ ನೋಡಿದಳು. ಇದು ಅವಳದೇ ಕಸುಬು. ಒಳ್ಳೆಯ ಬಟ್ಟೆಗೆ ರಫು ಹಾಕುವಾಗ ಹೊರಗಿನ ದಾರ ಮುಟ್ಟುತ್ತಿರಲಿಲ್ಲ. ಅದೇ ಬಟ್ಟೆಯ ಮಡಿಕೆಯ ಒಳಗಿಂದ ಎಳೆ ಕಿತ್ತು, ಅದರಿಂದಲೇ ಹೆಣೆಯುತ್ತಿದ್ದಳು. ಅಂಥವಳು ಒಂದು ನೀಲಿ ಪೆನ್ನು ನೋಡುತ್ತ ಕೂತು ಆ ಮಾತನ್ನೇ ಕಳೆದುಕೊಂಡಿದ್ದಳು. “ಮೂರನೇದೇ ಮಾಡಿ” ಎಂದಳು. “ಸಡಿಲ ಆದ್ರೆ ಮತ್ತೆ ಬರ್ತೀನಿ. ಬಿಚ್ಚೋಕಾಗದ್ದು ಬೇಡ.” ಪೆನ್ಸಿಲ್ ಗುರುತು ಅಳಿಸಿ, ಅದೇ ನೀಲಿ ಪೆನ್ನು ಇಸಿದುಕೊಂಡು ಸಹಿ ಹಾಕಿದಳು.

ಮಧ್ಯಾಹ್ನದ ಬಸ್ಸಿಗೆ ಅಕ್ಕನ ಮನೆಗೆ ಹೋದಳು. ಅಕ್ಕ ಮೊದಲು ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ದಿನವಿಡೀ ಕೂತು ಮಾಡುವ ಆ ಕೆಲಸ ಬಿಟ್ಟು, ಮನೆಯಲ್ಲೇ ಊರವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಇಸ್ತ್ರಿ ನಿಂತು ಮಾಡುವ ಕೆಲಸ. ಅದು ಯಾಕೆಂದು ಕೂಡ ತಂಗಿ ಇಷ್ಟು ವರ್ಷ ಯೋಚಿಸಿರಲಿಲ್ಲ. ಬಾಗಿಲು ಅರ್ಧ ಮಾತ್ರ ತೆರೆಯಿತು.

“ಏನು?” ಎಂದಳು ಅಕ್ಕ. “ನೋವು ಇದೆಯೋ ಇಲ್ವೋ ಅಂತ ಚೆಕ್ ಮಾಡೋಕೆ ಬಂದ್ಯಾ?”

ತಂಗಿಗೆ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಬಿಚ್ಚಿಹೋಯಿತು. ಪಕ್ಕದಿಂದ ನುಸುಳಿ ಒಳಗೆ ಹೋಗಿ, ಇಸ್ತ್ರಿ ಮೇಜಿನ ಮೇಲೆ ಹಾಸುಬಟ್ಟೆ ಹರಡಿ, ಹರುಕನ್ನು ತೋರಿಸಿದಳು. ತಂದ ತುಂಡು, ಹಾಕಿದ ಹೊಲಿಗೆ, ಮೂವತ್ತೊಂದು ಒಗೆತ, ಬಾಯ್ಲರಣ್ಣನ ಕೈ, ಡಾಕ್ಟರಮ್ಮನ ಮಾತು, ತನ್ನ ಕಾಯಿಲೆಯೊಂದನ್ನು ಬಿಟ್ಟು ಎಲ್ಲವನ್ನೂ ಒಂದರ ಮೇಲೊಂದು ಹೇಳಿದಳು. ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, ಹರುಕಿನ ಸುತ್ತ ಬೆರಳಾಡಿಸಿದಳು. ಜಾಲರಿಯ ಅಂಚಿಗೆ ಬಂದಾಗ ಬೆರಳು ನಿಂತಿತು.

“ಇದೇ” ಎಂದಳು.

“ತಪ್ಪಾಯ್ತು ಅಕ್ಕ. ಆವತ್ತು ನಾನು ಆಡಿದ ಮಾತು...”

ಅಕ್ಕ ತಲೆಯೆತ್ತಿದಳು. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. “ವರ್ಷಗಟ್ಟಲೆ ನಾನು ಬಾಯಿಬಿಟ್ಟು ಹೇಳಿದೆ. ನೀನು ನಂಬಲಿಲ್ಲ. ಒಂದು ಹಳೇ ಹಾಸುಬಟ್ಟೆ ಹೇಳ್ತು, ನಂಬಿದೆ.”

ಬಟ್ಟೆ ಒಂದೇ ಸುಳ್ಳು ಹೇಳಲ್ಲ ಎಂದು ದಿನಕ್ಕೊಂದು ಸಲ ಹೇಳಿದವಳು ಹಾಸುಬಟ್ಟೆ ಮಡಚಿ ಮೇಜು ಖಾಲಿ ಮಾಡಿದಳು. ಅಕ್ಕ ಅರ್ಧಕ್ಕೆ ಬಿಟ್ಟಿದ್ದ ಅಂಗಿಯ ಕಾಲರನ್ನು ಪೂರ್ತಿ ಇಸ್ತ್ರಿ ಮಾಡಿದಳು, ತೋಳು ಮಾಡಿದಳು, ಮಡಚಿ ಇಟ್ಟಳು. ಅಷ್ಟು ಹೊತ್ತೂ ತಂಗಿ ನಿಂತೇ ಇದ್ದಳು. ಕೆಳಗೆ ಜಗ್ಗುತ್ತಿತ್ತು, ಆದರೂ ಕೂರಲಿಲ್ಲ.

ಕೊನೆಗೆ ಅಕ್ಕನೇ ಕೇಳಿದಳು. “ಆ ಡಾಕ್ಟರು ಮುಟ್ಟಿ ನೋಡ್ತಾರಾ, ಇಲ್ಲ ಕಂಪ್ಯೂಟರ್ ನೋಡ್ಕೊಂಡು ಏನೂ ಇಲ್ಲ ಅಂತಾರಾ?”

“ಮುಟ್ಟಿ ನೋಡ್ತಾರೆ.”

“ನೀನು ನೋಡಿದ್ದೀಯಾ?”

“ನನ್ನನ್ನೇ ನೋಡಿದ್ರು” ಎಂದಳು ತಂಗಿ. ಅಕ್ಕನಿಗೆ ಆಗಲೇ ಮೊದಲ ಸಲ ವಿಷಯ ತಿಳಿದದ್ದು. ತಂಗಿಯ ಸೊಂಟದತ್ತ ನೋಡಿದಳು, ಅವಳು ನಿಂತಿದ್ದ ರೀತಿ ನೋಡಿದಳು. “ಅಮ್ಮನ್ನ ಎತ್ತಿ ಎತ್ತಿ ಆಗಿದ್ದಾ?” ಎಂದಳು. ತಂಗಿ ಇಲ್ಲವೆಂದು ತಲೆಯಾಡಿಸಿದಳು. ಅವಳು ಆಯುಷ್ಯದಲ್ಲಿ ಬೇಕೆಂದೇ ಹೇಳಿದ ಸುಳ್ಳು ಅದೊಂದೇ ಇರಬೇಕು.

ಮರುದಿನ ಬೆಳಿಗ್ಗೆ ಇಬ್ಬರೂ ಮೂರನೆಯ ಮಹಡಿಯ ಬೆಂಚಿನ ಮೇಲಿದ್ದರು. ಆಪರೇಷನ್‌ಗೆ ಮುಂಚಿನ ಪರೀಕ್ಷೆಗೆಂದು ಚೆಕ್‌ಪೋಸ್ಟಮ್ಮನ ಹೆಸರಿಗೆ ಸಮಯ ಕೊಟ್ಟಿದ್ದರು. ಒಳಗೆ ಕರೆದಾಗ ಅವಳು ಅಕ್ಕನ ಕೈ ಹಿಡಿದು ಮುಂದೆ ಮಾಡಿದಳು. “ನನ್ನದು ಆಮೇಲೆ ನೋಡಿ. ಮೊದಲು ನಮ್ಮಕ್ಕ. ಅವಳು ಏನು ಹೇಳಿದ್ರೂ ಬರ್ಕೊಳ್ಳಿ, ಎಲ್ಲಾ ನಿಜ.”

ಪರದೆ ಎಳೆದರು. ಈಚೆ ಬದಿಯಲ್ಲಿ ಚೆಕ್‌ಪೋಸ್ಟಮ್ಮ ಅಕ್ಕನ ರಬ್ಬರಿನ ದಿಂಬನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕೈಗವಸು ಎಳೆದುಕೊಂಡ ಸದ್ದು. ಇಲ್ಲಿ ನೋವಾ, ಇಲ್ಲಿ? ಇಲ್ಲ. ಸ್ವಲ್ಪ ಆಚೆ. ಆಮೇಲೆ ಅಕ್ಕ ಹಾ ಎಂದು ಉಸಿರೆಳೆದದ್ದು ಕೇಳಿಸಿತು.

“ಸಿಕ್ತು” ಎಂದರು ಡಾಕ್ಟರಮ್ಮ. “ಅಂಚು ಬೆರಳಿಗೆ ಸಿಗ್ತಾ ಇದೆ.”

“ಇದೆ ಅಲ್ವಾ?”

“ಇದೆಯಮ್ಮ.”

“ನಿಜವಾಗ್ಲೂ ಇದೆ ಅಲ್ವಾ ಡಾಕ್ಟ್ರೇ?” ಅಕ್ಕ ಅಳುತ್ತಿದ್ದಳು. ಪರದೆಗೆ ನಾಲ್ಕು ಬೆರಳಿನಷ್ಟು ಸಂದಿಯಿತ್ತು. ಚೆಕ್‌ಪೋಸ್ಟಮ್ಮ ಇಣುಕಿ ನೋಡಲಿಲ್ಲ.